ಮೂರು ಕೂಗು

ಸೆಷನ್ಸ್ ಕೋರ್ಟಿನ ಬಾಗಿಲಿಗೆ ಬೆನ್ನು ಕೊಟ್ಟು
ಮೂವತ್ತೊಂದು ವರ್ಷ ಹೆಸರು ಕೂಗಿದ ದಲಾಯತ ಪಕ್ರುಸಾಬ ನಾನು.
ಒಂದು ಹೆಸರಿಗೆ ಮೂರು ಕೂಗು:
ಮೊದಲನೆಯದು ವರಾಂಡಕ್ಕೆ,
ಎರಡನೆಯದು ಬೇವಿನ ಮರದಡಿಯ ಚಾದಂಗಡಿಗೆ,
ಮೂರನೆಯದು ಬಾರದೆ ಉಳಿದವನ ಮನೆತನಕ.

ನನಗೆ ಇನ್ನೊಂದು ಕೂಗಿತ್ತು, ಶುಕ್ರವಾರದ್ದು.
ಕೋರ್ಟಿಗೆ ಬೀಗ ಹಾಕಿ ಸೀದಾ ಟಾಕೀಸಿಗೆ,
ಜೇಬಿನಲ್ಲಿ ಹರಿದ ಕಾಗದದ ಚೂರು.
ಪರದೆಯ ಮೇಲೆ ಉಜ್ವಲ್ ತಿರುಗಿ ನೋಡಿದರೆ ಸಾಕು,
ಗಂಟಲು ಹರಿಯುವ ಹಾಗೆ: "ಕೆಂಡದ ಕುಡೀ!"
ಮೂರಕ್ಕೆ ನಿಲ್ಲುತ್ತಿರಲಿಲ್ಲ ಅದು.

ಅವತ್ತು ಪಿ.ಬಿ. ರೋಡು ಕಟ್ಟಿಹೋಗಿತ್ತು.
ಹರಿಹರದಿಂದ ಟೆಂಪೊ, ಜಗಳೂರಿನಿಂದ ಬೈಕು,
ಕಾಲೇಜು ತಪ್ಪಿಸಿ ಬಂದ ಹುಡುಗಿಯರ ಅಂಗೈಯಲ್ಲಿ ಮೆಹಂದಿಯ ಉಜ್ವಲ್.
"ಸಾಬ್ರೇ, ಹಬ್ಬಕ್ಕೂ ಇಷ್ಟು ಎಣ್ಣಿ ಕಾಸಿಲ್ಲ ನಾನು"
ಅಂದ ಮಿರ್ಚಿಯ ಕೊಟ್ರೇಶಿ.

ಕಡತದಲ್ಲಿ ಉಜ್ವಲ್ ಇರಲಿಲ್ಲ.
ಚೀಟಿ ಓದಿದೆ, ಕೂಗಿದೆ:
"ಕೆಂಚವೀರಪ್ಪ ಬಿನ್ ಲೇಟ್ ದೊಡ್ಡಹಾಲಪ್ಪಾ..."
ಗದ್ದಲ ನಿಂತಿತು. ಯಾರವನು?
ಹೊಲದ ಬದುವಿನ ವ್ಯಾಜ್ಯದವನಿರಬೇಕೆಂದು
ಪಾಪ, ಸರಿದು ದಾರಿ ಬಿಟ್ಟರು.
ಆ ದಾರಿಯಲ್ಲೇ ಬಂದ, ಪೊಲೀಸರ ನಡುವೆ, ಸಣ್ಣ ಆಳು.
ಪರದೆ ಕೊಟ್ಟ ಎರಡು ಮೊಳವನ್ನು ವಾಪಸು ಪಡೆದಿತ್ತು.
ನನ್ನ ಪಕ್ಕ ಹಾಯುವಾಗ ಮೆಲ್ಲಗೆ ಅಂದ:
"ನಮ್ಮಪ್ಪನ ಹೆಸರು ಸರಿಯಾಗಿ ಕೂಗಿದಿರಿ."

ಆ ತಿಂಗಳಿಂದ ಊರೇ ಕಾನೂನು ಓದಿತು.
ಕಟಿಂಗ್ ಅಂಗಡಿಯಲ್ಲಿ ಪಾಟೀಸವಾಲು, ಆಟೊ ಸ್ಟ್ಯಾಂಡಿನಲ್ಲಿ ಜಾಮೀನು.
ಅವನ ಹಳೇ ಪಿಕ್ಚರು ಮತ್ತೆ ಬಿತ್ತು,
ಕೊಲೆಯ ಸೀನಿಗೆ ಮೊದಲಿಗಿಂತ ಜಾಸ್ತಿ ಶಿಳ್ಳೆ.
ಕೆ.ಟಿ.ಜೆ. ನಗರದ ಒಬ್ಬ ತನ್ನ ಆಟೊ ಹಿಂದಿನ ಸ್ಟಿಕ್ಕರು ಕೆರೆದು ಕಿತ್ತ.
ಗೋಂದು ಹೋಗಲಿಲ್ಲ. ಧೂಳು ಕೂತು
ಅದೇ ಮುಖ ಕಪ್ಪಗೆ ಮೂಡಿತು.
ನಮ್ಮ ಓಣಿಯ ಮಕ್ಕಳು ಕೋರ್ಟಿನಾಟ ಆಡಿದರು:
ಜಡ್ಜಾಗಲು ನಾಲ್ವರು, ಉಜ್ವಲ್ ಆಗಲು ಹನ್ನೊಂದು ಮಂದಿ,
ನನ್ನ ಹಾಗೆ ಕೂಗಲು ಮೊಮ್ಮಗಳು ಮೆಹರಾಜ್.
ಸಾಯಲು ಯಾರೂ ಒಪ್ಪಲಿಲ್ಲ.
ಕೊನೆಗೆ ಒಂದು ಇಟ್ಟಿಗೆ ಮಲಗಿಸಿದರು.

ಸತ್ತವನು ಓಬಳೇಶ, ಬೇತೂರು ರಸ್ತೆ, ಶೂಟಿಂಗಿನಲ್ಲಿ ಲೈಟು ಹೊರುವವನು.
ಕೊಂಡಜ್ಜಿ ಗುಡ್ಡದಲ್ಲಿ ಹದಿನೇಳು ದಿನದ ಕೂಲಿ ಬಾಕಿ.
ಕೇಳಿದ. ಭದ್ರಾ ನಾಲೆ, ತೂಬಿನ ಕಂಬಿ, ಒಂದೇ ಕಾಲಿಗೆ ಚಪ್ಪಲಿ
ಎಂದು ಹೇಳಲಾಗಿದೆ.
ಹಾಗೆ ಸೇರಿಸಲೇಬೇಕು, ಕೋರ್ಟಿನ ಅನ್ನ ತಿಂದವನು ನಾನು.

"ಒಂದನೇ ಸಾಕ್ಷಿ ಸಣ್ಣೋಬಮ್ಮಾ..."
ಎರಡನೇ ಕೂಗು ಬೇಕಾಗಲಿಲ್ಲ.
ಬೆಳಗಿನ ಎಂಟರಿಂದ ನನ್ನ ಮೊಣಕೈ ಹತ್ತಿರವೇ ನಿಂತಿದ್ದಳು.
ಮಂಡಕ್ಕಿ ಭಟ್ಟಿಯ ಕೈ, ಕಾದ ಮರಳು ಸಿಡಿದ ಚುಕ್ಕೆಗಳು.
ವಕೀಲರು ಕೇಳಿದರು: ನಿಮ್ಮ ಮಗ ಈ ನಟರ ಅಭಿಮಾನಿಯೇ ಅಲ್ಲವೇ?
"ಹೂಂ ಸ್ವಾಮಿ. ಗ್ವಾಡಿ ಮ್ಯಾಲ ಇವರ ಪಟ ಐತಿ, ಅವನ ಅಂಟಿಸಿದ್ದು.
ತಗೀಬೇಕೋ ಬ್ಯಾಡೋ,
ಯಾರನ್ನ ಕೇಳ್ಲಿ?"
ಟೈಪಿಸ್ಟು ಬರೆದದ್ದು:
ಹೌದು, ಅಭಿಮಾನಿಯಾಗಿದ್ದನು.

ಸತ್ತವರನ್ನು ಕೂಗುವ ಪದ್ಧತಿ ಇಲ್ಲ.
ಸಂಜೆ ಎಲ್ಲ ಖಾಲಿಯಾದ ಮೇಲೆ, ಕೈಯಲ್ಲಿ ಬೀಗ,
ಒಮ್ಮೆ ಕೂಗಿಬಿಡೋಣ ಅನ್ನಿಸಿ ಬಾಯಿ ತೆರೆದೆ.
"ಓಬಳೇಶ ಬಿನ್..."
ತಂದೆಯ ಹೆಸರು ನೆನಪಾಗಲಿಲ್ಲ.
ನಾಲಿಗೆಗೆ ಬರುತ್ತಿದ್ದುದು ದೊಡ್ಡಹಾಲಪ್ಪ, ದೊಡ್ಡಹಾಲಪ್ಪ.

ಮುಂದಿನ ವಾಯಿದೆ ಹದಿನಾಲ್ಕಕ್ಕೆ.
"ಬರ್ತಾರಾ?" ಅಂತ ಕೇಳಿದ ಕೊಟ್ರೇಶಿ, ಬಾಣಲೆ ಉಜ್ಜುತ್ತ.
ಬರ್ತಾರೆ ಅಂದೆ.